ಮಡಿಚಿ ಕಟ್ಟಿದ ಕೈ

ಹೋದ ವಾರ ಹಗರಿಬೊಮ್ಮನಹಳ್ಳಿಯ ಒಂದು ಮನೆಗೆ ಕುಬಸದ ಬಳೆ ಇಡಿಸಲು ಹೋಗಿದ್ದೆ. ಏಳು ತಿಂಗಳ ಬಸುರಿ ಹುಡುಗಿ ಚಾಪೆಯ ಮೇಲೆ ಕೂತು ಕೈ ಚಾಚಿದ್ದಳು. ಹಸಿರು ಬಳೆಯೊಂದು ಅವಳ ಗೆಣ್ಣು ದಾಟುವುದರಲ್ಲಿತ್ತು. ಅಷ್ಟರಲ್ಲಿ ಅಡುಗೆಮನೆಯಿಂದ ಬೆಲ್ಲದ ಪಾಕದ ವಾಸನೆ ಬಂತು. ಉಂಡಿ ಕಟ್ಟಲು ಪಾಕ ಇಟ್ಟಿದ್ದರು. ಕೂತವರೆಲ್ಲ ಖುಷಿಯಿಂದ ಮೂಗು ಅರಳಿಸಿದರು. ನನ್ನ ಬಲಗೈ ತಾನಾಗಿಯೇ ಮುಚ್ಚಿಕೊಂಡಿತು, ಬಳೆ ಹುಡುಗಿಯ ಗೆಣ್ಣಿನ ಮೇಲೆಯೇ ನಿಂತುಬಿಟ್ಟಿತು.

“ಯಾಕ್ರಿ, ಏನಾತು?” ಎಂದಳು ಹುಡುಗಿ.

“ಏನಿಲ್ಲವ್ವ. ಪಾಕ ಇಳಸಾಕ ಹೇಳು, ಎಳಿ ಬಂದೈತಿ.”

ನಡುಮನೆಯಲ್ಲಿ ಕೂತು ಮೂಗಿನಲ್ಲೇ ಪಾಕದ ಹದ ಹೇಳುತ್ತಾಳಲ್ಲ ಎಂದು ಅವರು ನಕ್ಕರು. ನಾನು ನಗಲಿಲ್ಲ. ಆ ಹದವನ್ನು ನಾನು ಕಲಿತದ್ದು ಮೂಗಿನಿಂದಲ್ಲ, ಅಂಗೈಯಿಂದ.

ನನ್ನ ಬಲ ಅಂಗೈಯಲ್ಲಿ ರೇಖೆಗಳಿಲ್ಲ. ಅಲ್ಲಿರುವುದು ನನ್ನದೇ ತೊಡೆಯ ಚರ್ಮ. ಒಮ್ಮೆ ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ಕಣಿ ಹೇಳುವವಳೊಬ್ಬಳು ಬೇಡವೆಂದರೂ ಕೇಳದೆ ನನ್ನ ಕೈ ಎಳೆದು ಬಿಡಿಸಿ ನೋಡಿದಳು. ನೋಡಿದವಳೇ ಕೈ ಬಿಟ್ಟು ಎದ್ದು ಹೋದಳು. ಅಷ್ಟು ಸುಲಭವಾಗಿ ಕಣಿಯವರಿಂದ ಪಾರಾದವರು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ಕೈಗೆ ಹೀಗಾದ ವರ್ಷ ನಾವು ಹಡಗಲಿಯಲ್ಲಿದ್ದೆವು. ಸಂತೆಗೆ ಹೋಗುವ ದಾರಿಯ ಓಣಿಯಲ್ಲಿ ನಮ್ಮ ಬಳೆ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ನನ್ನ ಗಂಡ ಮಂಜುನಾಥ ಬಾಡಿಗೆಗೆ ಟೆಂಪೊ ಓಡಿಸುತ್ತಿದ್ದ. ಅವನ ಅಣ್ಣ ಕೊಟ್ರೇಶ ಬಳೆಯ ಪೆಟ್ಟಿಗೆ ಕಟ್ಟಿಕೊಂಡು ಹಿರೇಹಡಗಲಿ ಕಡೆಯ ಹಳ್ಳಿಗಳನ್ನು ಸುತ್ತುತ್ತಿದ್ದ. ಅಂಗಡಿಯಲ್ಲಿ ಕೂರುವವರು ನಾವಿಬ್ಬರು ನೆಗೆಣ್ಣಿಯರು, ಕೊಟ್ರೇಶನ ಹೆಂಡತಿ ಹಾಲಮ್ಮ ಮತ್ತು ನಾನು.

ಹಾಲಮ್ಮನ ಕೈ ಊರಿಗೆಲ್ಲ ಗೊತ್ತಿತ್ತು. ಎಂಥ ಒರಟು ಕೈ ತಂದುಕೊಟ್ಟರೂ ಅವಳು ಅದಕ್ಕೆ ಅಳತೆಗಿಂತ ಒಂದು ಸುತ್ತು ಬಿಗಿ ಬಳೆ ಇಡಿಸುತ್ತಿದ್ದಳು. ಹೊಲದಲ್ಲಿ ಕಳೆ ತೆಗೆದು ಗೆಣ್ಣು ದಪ್ಪಗಾದ ಹೆಂಗಸರೂ ಅವಳ ಮುಂದೆ ಕೂತು ‘ಅಯ್ಯೋ’ ಎನ್ನದೆ ಎದ್ದು ಹೋಗುತ್ತಿದ್ದರು. ನನಗೆ ಕಲಿಸಿದವಳೂ ಅವಳೇ. ಮೊದಲು ಸಾಬೂನಿನ ನೀರು. ಆಮೇಲೆ ಹೆಬ್ಬೆರಳಿನ ಬುಡವನ್ನು ಮೆತ್ತಗೆ ತಿಕ್ಕುತ್ತ, ಅವರ ಮನೆಯ ಮಾತು ಕೇಳುತ್ತ, ಹೆಬ್ಬೆರಳನ್ನು ಅಂಗೈಯೊಳಗೆ ಮಡಿಚುವುದು. ನಾಲ್ಕು ಬೆರಳನ್ನೂ ಒತ್ತಾಗಿ ಸೇರಿಸಿ ಕೈಯನ್ನು ಸಣ್ಣದು ಮಾಡುವುದು. ಗೆಣ್ಣಿನ ಮೇಲೆ ಚರ್ಮ ಬೆಳ್ಳಗಾದರೆ ನಿಲ್ಲಬೇಕು, ಮತ್ತೆ ಕೆಂಪಾದ ಮೇಲೆ ಮುಂದೆ ಹೋಗಬೇಕು. ಇಷ್ಟೇ ವಿದ್ಯೆ. ಹೇಳಲು ಇಷ್ಟೇ, ಬರಲು ನನಗೆ ನಾಲ್ಕು ವರ್ಷ ಹಿಡಿಯಿತು.

ಬಂದದ್ದೇ ತಪ್ಪಾಯಿತು. ಐದನೆಯ ಶ್ರಾವಣದ ಹೊತ್ತಿಗೆ ಗಿರಾಕಿಗಳು ಅಂಗಡಿಯ ಕಟ್ಟೆ ಹತ್ತುತ್ತಲೇ, “ಸಣ್ಣಾಕಿ ಅದಾಳೇನು? ಆಕಿ ಕೈಲೇ ಇಡಿಸ್ಕೊಂತೀವಿ” ಎನ್ನತೊಡಗಿದರು. ಹಾಲಮ್ಮ ಆಗ ತಲೆ ಎತ್ತುತ್ತಿರಲಿಲ್ಲ. ಬಳೆಯ ಗೊಂಚಲಿನ ದಾರ ಬಿಚ್ಚುತ್ತ ಮೂಗಿನಲ್ಲೇ ಒಂದು ಉಸಿರು ಬಿಡುತ್ತಿದ್ದಳು. ನಾನೇನು ಕಡಿಮೆಯವಳಲ್ಲ. ಅವಳಿಗೆ ಕೇಳಲೆಂದೇ, “ಬರ್ರಿ ಬರ್ರಿ, ನಿಮ್ಮ ಕೈ ಅಂದ್ರ ನನಗೂ ಖುಷಿ” ಎಂದು ದನಿ ಏರಿಸುತ್ತಿದ್ದೆ. ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಗುತ್ತ ಬಂದು ಕೊನೆಗೆ ಅಳತೆಯಷ್ಟೇ ಉಳಿಯಿತು. ‘ಎರಡು-ನಾಲ್ಕು ತಾ.’ ‘ಎರಡು-ಆರು ಮುಗದಾವು.’ ಬೇರೇನಿಲ್ಲ.

ಪಂಚಮಿಗೆ ಎರಡು ದಿನ ಇತ್ತು. ಹಬ್ಬಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಬಳೆಗೆ ಬರುವ ಕಾಲ ಅದು, ಹಗಲಿಡೀ ಅಂಗಡಿಯಲ್ಲಿ ಉಸಿರಾಡಲು ಪುರಸೊತ್ತಿಲ್ಲ. ಬೆಳಗ್ಗೆ ಅಂಗಡಿ ತೆರೆಯುವ ಮೊದಲೇ ಉಂಡಿ ಕಟ್ಟಿ ಮುಗಿಸೋಣವೆಂದು ಇಬ್ಬರೂ ಒಲೆಯ ಮುಂದೆ ನಿಂತಿದ್ದೆವು. ಮಾತಿಗೆ ಮಾತು ಬಂತು. ಶೇಂಗಾ ನಾನು ಸರಿಯಾಗಿ ಹುರಿದಿಲ್ಲ ಎಂದಳು. ನಿನ್ನ ಕಣ್ಣಿಗೆ ನಾನು ಮಾಡಿದ್ದು ಯಾವುದು ಸರಿ ಕಂಡೈತಿ ಎಂದೆ. ಹಾಗೆನ್ನುತ್ತ ಸಿಟ್ಟಿನಲ್ಲೇ ಬಾಣಲೆ ಇಳಿಸಲು ಹೋದೆ. ಮಸಿ ಅರಿವೆ ಜಾರಿತು, ಬಾಣಲೆ ವಾಲಿತು. ಪಾಕ ಚೆಲ್ಲೀತು ಎಂದು ಬಲಗೈ ಒಡ್ಡಿದೆ. ಕೈಗಿಂತ ಪಾಕದ ಚಿಂತೆ ಮಾಡಿದ ಹುಚ್ಚಿ ನಾನು.

ಬಿಸಿನೀರು ಬಿದ್ದರೆ ಹರಿದು ಹೋಗುತ್ತದೆ. ಪಾಕ ಹೋಗುವುದಿಲ್ಲ, ಕಚ್ಚಿಕೊಂಡು ಕೂತು ಒಳಗೊಳಗೇ ಬೇಯಿಸುತ್ತದೆ. ತಣ್ಣೀರಿನಲ್ಲಿ ಕೈ ಅದ್ದಿದಾಗ ಗಟ್ಟಿಯಾಗಿ ಚಕ್ಕೆ ಎದ್ದಿತು, ಚಕ್ಕೆಯ ಜೊತೆ ಅಂಗೈಯ ಚರ್ಮವೂ ಬಂತು.

ಬಾಣಲೆ ವಾಲಿದ್ದರಲ್ಲಿ ಹಾಲಮ್ಮನ ತಪ್ಪೇನೂ ಇರಲಿಲ್ಲ. ಇಷ್ಟು ನ್ಯಾಯ ನಾನು ಹೇಳಲೇಬೇಕು. ಇಲ್ಲಿಂದ ಮುಂದೆ ನನ್ನಿಂದ ನ್ಯಾಯ ನಿರೀಕ್ಷಿಸಬೇಡಿ.

ಗಂಡಸರಿಬ್ಬರೂ ಊರಲ್ಲಿರಲಿಲ್ಲ. ನನ್ನನ್ನು ಆಟೊದಲ್ಲಿ ಕೂರಿಸಿ ಡಾಕ್ಟರ ಹತ್ತಿರ ಕರೆದೊಯ್ದವಳು ಹಾಲಮ್ಮನೇ. ಊರಿನ ಆ ಡಾಕ್ಟರು ಔಷಧ ಹಚ್ಚಿ, ಬೆರಳುಗಳ ನಡುವೆ ಬಟ್ಟೆ ಇಟ್ಟು ಕಟ್ಟಿ, ಅವಳಿಗೆ ಏನೇನೋ ಹೇಳಿದರು. ಉರಿಯಲ್ಲಿ ನನಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ. ದಾವಣಗೆರೆಗೆ ದೊಡ್ಡ ಆಸ್ಪತ್ರೆಗೆ ಹೋಗಿ ಎಂದದ್ದು ಕೇಳಿಸಿತ್ತು. ಹಬ್ಬ ಮುಗಿಯಲಿ, ಮಳೆ ನಿಲ್ಲಲಿ, ಟೆಂಪೊ ಬರಲಿ ಎಂದು ಆ ಮಾತು ಹಿಂದೆ ಬಿತ್ತು. ದಿನವೂ ಪಟ್ಟಿ ಬದಲಿಸಿ ಕಟ್ಟುವ ಕೆಲಸ ಹಾಲಮ್ಮನ ಪಾಲಿಗೆ ಬಂತು. ತಾಲೂಕಿನಲ್ಲೇ ನೋಯಿಸದ ಕೈ ಅವಳದು, ಇನ್ನಾರು ಕಟ್ಟಬೇಕು ಎಂದು ಎಲ್ಲರೂ ಅಂದುಕೊಂಡರು.

ಮೊದಲ ದಿನದ ಉರಿ ನನಗೆ ನೆನಪಿದೆ, ಆದರೆ ದಿನಗಳ ಲೆಕ್ಕ ನೆನಪಿಲ್ಲ. ಆಮೇಲೊಂದು ದಿನ ಅವಳು ಪಟ್ಟಿ ಕಟ್ಟಿ ಮುಗಿಸಿದಾಗ ನೋವು ಇಳಿದೇ ಹೋಯಿತು. ಹೆಬ್ಬೆರಳು ಅಂಗೈಯೊಳಗೆ, ಅದರ ಮೇಲೆ ನಾಲ್ಕು ಬೆರಳು, ಸುತ್ತಲೂ ಹಳೆಯ ಸೀರೆಯ ಮೆತ್ತನೆಯ ಬಟ್ಟೆ. ಅಂಗೈ ಅಲ್ಲಿ ಬೆಚ್ಚಗೆ ಮಲಗಿತು, ನಾನೂ ನಿದ್ದೆ ಹೋದೆ. ಚಿಗಟೇರಿಯಿಂದ ಬಂದ ನನ್ನ ಅವ್ವ ಅವಳಿಗೆ ಕೈ ಮುಗಿದು, “ನಿನ್ನಂಥಾಕಿ ಮನ್ಯಾಗ ಇದ್ದದ್ದಕ್ಕ ನನ್ನ ಮಗಳು ಉಳದಳವ್ವ” ಎಂದಳು. ನಾನೂ ಬಂದವರ ಮುಂದೆಲ್ಲ ಹಾಲಮ್ಮನನ್ನು ಹೊಗಳಿದೆ. ಅದು ನೆನಪಾದರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ.

ಗಾಯ ಒಣಗಿತು, ಪಟ್ಟಿ ಬಿಚ್ಚಿದರು. ಕೈ ಬಿಚ್ಚಲಿಲ್ಲ. ಬಳಸಿದರೆ ಸಡಿಲವಾಗುತ್ತದೆ ಎಂದು ಕಾದೆವು. ದೀಪಾವಳಿಯ ಹೊತ್ತಿಗೆ ಅದು ಇನ್ನೂ ಬಿಗಿದುಕೊಂಡಿತು. ಹೆಬ್ಬೆರಳು ಒಳಗೆ ಸೇರಿ ಅಂಟಿಕೊಂಡಿತ್ತು, ಬೆರಳುಗಳು ಕೊಕ್ಕೆಯಾಗಿದ್ದವು, ಅಂಗೈಯಲ್ಲಿ ಹಗ್ಗದಂಥ ಗಡಸು ಕಲೆ. ಆ ಕೈಯಲ್ಲಿ ರೊಟ್ಟಿ ಮುರಿಯಲಾಗಲಿಲ್ಲ, ಜಡೆ ಹೆಣೆಯಲಾಗಲಿಲ್ಲ, ಸೀರೆಯ ನೆರಿಗೆ ಹಿಡಿಯಲಾಗಲಿಲ್ಲ. ಒಂದು ಮದುವೆಯ ಪಂಕ್ತಿಯಲ್ಲಿ ಎಡಗೈಯಲ್ಲಿ ಉಂಡೆ. ಎದುರಿಗೆ ಕೂತ ಮುದುಕಿ ಮೂಗು ಮುರಿದಳು. ಎಲೆಯನ್ನು ಅವಳ ಮುಖಕ್ಕೆ ಬೀಸಬೇಕೆನಿಸಿತು. ಬೀಸಲು ಕೈ ಬೇಕಲ್ಲ.

ಅಂಗಡಿಯಲ್ಲಿ ನಾನು ಮೂಲೆಗೆ ಬಿದ್ದೆ. ಬಳೆಗಾರ್ತಿಗೆ ಕೈಯಿಲ್ಲ ಎಂದರೆ ಇನ್ನೇನು ಉಳಿಯಿತು? ಗಿರಾಕಿಗಳು ‘ಅಯ್ಯ ಪಾಪ’ ಎಂದು ಹಾಲಮ್ಮನ ಮುಂದೆ ಕೂತು ಕೈ ಚಾಚುತ್ತಿದ್ದರು. ಅಂಗಡಿ ಮತ್ತೆ ಅವಳದಾಯಿತು.

ಚಳಿ ಶುರುವಾದ ಮೇಲೆ ಗಂಡ ನನ್ನನ್ನು ದಾವಣಗೆರೆಗೆ ಕರೆದೊಯ್ದ. ಅಲ್ಲಿಯ ಪ್ಲಾಸ್ಟಿಕ್ ಸರ್ಜರಿ ಡಾಕ್ಟರು ನನ್ನ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಇದನ್ನ ಯಾರಮ್ಮ ಕಟ್ಟಿದ್ದು?”

“ಮನ್ಯಾಗ ಕಟ್ಟಿದ್ರು ರಿ.”

“ಬಳೆ ತೊಡಿಸೋ ಹಾಗೆ ಮಡಿಚಿ ಕಟ್ಟಿದಾರಲ್ಲ! ಅಂಗೈ ಸುಟ್ಟರೆ ಅಗಲವಾಗಿ ಬಿಚ್ಚಿಟ್ಟು ಕಟ್ಟಬೇಕು. ಹೊಸ ಚರ್ಮ ಬರುವಾಗ ಕೈ ಹೇಗಿರುತ್ತೋ ಹಾಗೇ ಗಟ್ಟಿಯಾಗುತ್ತೆ.”

ಅವರಿಗೆ ನಮ್ಮ ಕಸುಬು ಗೊತ್ತಿರಲಿಲ್ಲ, ಬಾಯಿಗೆ ಬಂದದ್ದನ್ನು ಹೇಳಿದ್ದರು. ನನಗೆ ಮಾತ್ರ ಕುರ್ಚಿಯೇ ಕುಸಿದಂತಾಯಿತು. ವಾಪಸ್ ಬರುವಾಗ ಬಸ್ಸು ಹರಪನಹಳ್ಳಿ ದಾಟಿತು. ಊರಿನ ಡಾಕ್ಟರು ಅಂದು ಹೇಳಿದ್ದರಲ್ಲಿ ಕೇಳಿಯೂ ಕೇಳದಂತಿದ್ದ ಅರ್ಧ ಮಾತು ಆಗ ನೆನಪಾಯಿತು. ‘ಬೆರಳು ಬಿಡಿಸಿ ಕಟ್ಟಮ್ಮ, ಮಡಿಚಬೇಡ.’ ಹಾಗೆಂದದ್ದು ಹಾಲಮ್ಮನಿಗೆ. ಹಾಲಮ್ಮ ಹೂಂ ಎಂದಿದ್ದಳು.

ಮನೆಗೆ ಬಂದವಳು ಚಪ್ಪಲಿ ಬಿಡದೆ ನೇರ ಅಂಗಡಿಗೆ ಹೋದೆ.

“ಬೇಕಂತ ಮಾಡಿದಿ” ಎಂದೆ.

ಹಾಲಮ್ಮ ಬಳೆ ಜೋಡಿಸುತ್ತಿದ್ದಳು. “ಏನು ಬೇಕಂತ?”

“ಕೈ ಮಡಿಚಿ ಕಟ್ಟಿದ್ದು. ಡಾಕ್ಟ್ರು ಬ್ಯಾಡ ಅಂದಿದ್ರು. ಗಿರಾಕಿ ನನ್ನ ಕೇಳ್ತಾರ ಅಂತ ನಿನಗ ಹೊಟ್ಟಿಕಿಚ್ಚು. ಅದಕ್ಕ ಮಾಡಿದಿ.”

ಅವಳು ಕೈಯಲ್ಲಿದ್ದ ಗೊಂಚಲನ್ನು ಮೊಳೆಗೆ ತೂಗುಹಾಕಿದಳು. “ಅನ್ನು. ಇನ್ನೂ ಏನೇನು ಅನ್ನಬೇಕಂತ ಐತಿ, ಎಲ್ಲಾ ಅಂದುಬಿಡು.”

“ಇಲ್ಲ ಅನ್ನು ನೋಡೋಣ!”

ಅವಳು ಇಲ್ಲ ಎನ್ನಲಿಲ್ಲ. ಎದ್ದು ಒಳಗೆ ಹೋದಳು. ನನಗೆ ಅಷ್ಟು ಸಾಕಾಯಿತು. ಮಾಡದವಳು ಇಲ್ಲ ಎನ್ನುತ್ತಿರಲಿಲ್ಲವೇ? ಅಂದಿನಿಂದ ಆ ಮನೆಯಲ್ಲಿ ಒಂದೇ ಒಲೆಯ ಅನ್ನ ಉಣ್ಣುತ್ತ ನಾನು ಅವಳನ್ನು ದ್ವೇಷಿಸಿದೆ. ಅವಳು ನಡೆದ ಸದ್ದು ಕೇಳಿದರೆ ಮೈ ಉರಿಯುತ್ತಿತ್ತು. ಅವಳಿಗೂ ನನ್ನ ಮೇಲೆ ಪ್ರೀತಿ ಉಕ್ಕುತ್ತಿರಲಿಲ್ಲ. ನನ್ನ ಮುಂದೆ ತಟ್ಟೆ ಇಡುವಾಗ ಅದು ನೆಲಕ್ಕೆ ಬಡಿದ ಸದ್ದು ಓಣಿಗೆಲ್ಲ ಕೇಳಿಸುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಆಪರೇಷನ್ ಆಯಿತು. ಗಡಸು ಕಲೆ ಕುಯ್ದು ಅಂಗೈ ಬಿಡಿಸಿದರು, ಅಂಟಿದ್ದ ಹೆಬ್ಬೆರಳನ್ನು ಆಚೆ ತಂದರು. ಚರ್ಮವಿಲ್ಲದೆ ಉಳಿದ ಜಾಗಕ್ಕೆ ತೊಡೆಯಿಂದ ಚರ್ಮ ತೆಗೆದು ಹೊಲಿದರು. ಬೆರಳುಗಳು ಮತ್ತೆ ಮುದುಡದಂತೆ ಒಳಗೆ ಸಣ್ಣ ತಂತಿ ತೂರಿಸಿದ್ದರು. ಕೈಗಿಂತ ಹೆಚ್ಚು ನೋಯಿಸಿದ್ದು ತೊಡೆ. ಕೊಟ್ಟವರಿಗೇ ಉರಿ ಹೆಚ್ಚು ಎಂದು ಪಕ್ಕದ ಹಾಸಿಗೆಯ ಕೂಡ್ಲಿಗಿಯ ಹೆಂಗಸು ನಕ್ಕಳು. ಅವಳಿಗೆ ಎರಡೂ ಕೈ ಸುಟ್ಟಿದ್ದವು, ಆದರೂ ನಗುತ್ತಿದ್ದಳು. ನನಗೆ ಅವಳ ಮೇಲೂ ಸಿಟ್ಟು ಬಂತು.

ಮೊದಲ ಸಲ ಪಟ್ಟಿ ಬಿಚ್ಚಿದಾಗ ನೋಡಿದೆ. ಬದನೆಕಾಯಿಯ ಬಣ್ಣದ ಒಂದು ತುಂಡು, ಸುತ್ತಲೂ ಕರಿದಾರದ ಹೊಲಿಗೆ. ಇದು ನನ್ನ ಕೈಯಲ್ಲ ಎಂದು ಅತ್ತೆ. ಚರ್ಮ ಹಿಡಿದಿದೆ, ಚೆನ್ನಾಗಿ ಹಿಡಿದಿದೆ ಎಂದು ಡಾಕ್ಟರು ಸಂತೋಷಪಟ್ಟರು. ಮೂರು ವಾರಕ್ಕೆ ತಂತಿ ತೆಗೆದು, ಬೆರಳು ಬಾಗದಂತೆ ಹಿಡಿಯುವ ಒಂದು ಗಟ್ಟಿ ಪಟ್ಟಿಯನ್ನು ಅಂಗೈಗೆ ಕೊಟ್ಟು, ವ್ಯಾಯಾಮ ಮಾಡಿಸುವ ಹುಡುಗಿಯ ಹತ್ತಿರ ಕಳಿಸಿದರು. ಅವಳು ನನ್ನ ಗಂಡನನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು. “ದಿನಕ್ಕೆ ಮೂರು ಸಲ ಎಣ್ಣೆ ಹಚ್ಚಿ ಒಂದೊಂದೇ ಬೆರಳು ಹಿಂದಕ್ಕೆ ಎಳೀಬೇಕು. ಚರ್ಮ ಬೆಳ್ಳಗಾಗೋವರೆಗೆ ಎಳೆದು, ಇಪ್ಪತ್ತು ಎಣಿಸೋವರೆಗೆ ಹಿಡೀಬೇಕು. ನೋಯುತ್ತೆ, ಅಳ್ತಾರೆ. ಅಳ್ತಾರೆ ಅಂತ ಬಿಡಬೇಡಿ. ಹೊಸ ಚರ್ಮ ಕುಗ್ಗೋಕೆ ನೋಡ್ತಿರುತ್ತೆ. ಆರು ತಿಂಗಳು ನೀವು ಸೋಲಬಾರದು.”

ಗಂಡ ಮೂರನೇ ದಿನಕ್ಕೆ ಸೋತ. ನಾನು ಒದರಿದ ಕೂಡಲೇ ಅವನ ಕೈ ಸಡಿಲವಾಗುತ್ತಿತ್ತು. ಐದು ಎಣಿಸುವಷ್ಟರಲ್ಲಿ ಅವನ ಕಣ್ಣಲ್ಲಿ ನೀರು. “ನನ್ನ ಕೈಲಿ ಆಗಂಗಿಲ್ಲ ಗಿರಿಜಾ” ಎಂದು ಟೆಂಪೊ ಹತ್ತಿ ಹೋಗಿಬಿಡುತ್ತಿದ್ದ. ಅವ್ವನನ್ನು ಕರೆಸಿದೆವು. ಅವಳು ಎಳೆಯುವ ಮೊದಲೇ ಅಳುತ್ತಿದ್ದಳು. ನನ್ನ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೇವರಿಸಿ, ಇವತ್ತು ಸಾಕು, ನಾಳೆ ಮಾಡೋಣ ಎಂದು ಬಾಯಿಗೆ ತುತ್ತು ಇಡುತ್ತಿದ್ದಳು. ನನಗೂ ಅದೇ ಬೇಕಿತ್ತು. ಮೂರು ವಾರ ಹೀಗೆ ಎಲ್ಲರೂ ನನ್ನನ್ನು ಪ್ರೀತಿಸಿದರು. ನನ್ನ ಬೆರಳುಗಳು ಮತ್ತೆ ಬಾಗತೊಡಗಿದವು.

ತೋರಿಸಲು ಹೋದಾಗ ಡಾಕ್ಟರು ಕೈ ಹಿಡಿದು ಬೆರಳು ಬಿಡಿಸಲು ನೋಡಿದರು. ಆಮೇಲೆ ದನಿ ಏರಿಸಿದರು. “ಏನ್ರಿ ಮಾಡ್ತಿದ್ದೀರಿ ಮನೇಲಿ? ಮುಚ್ಕೊಳ್ತಾ ಇದೆ. ಈ ಸಲ ಮುಚ್ಚಿತು ಅಂದ್ರೆ ಮತ್ತೆ ಮತ್ತೆ ಬಿಡಿಸೋಕಾಗಲ್ಲ. ಈ ಕೈ ಕೆಲಸಕ್ಕೆ ಬರಬೇಕೋ ಬೇಡವೋ ಹೇಳಿ.”

ಆ ಸಂಜೆ ಗಂಡ ಪಡಸಾಲೆಯಲ್ಲಿ ಕೂತು ಅಣ್ಣನಿಗೆ ಇದನ್ನೆಲ್ಲ ಹೇಳುತ್ತಿದ್ದ. ಹಾಲಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನಿಂತಿತು. ಹಿಟ್ಟಿನ ಕೈ ತೊಳೆದುಕೊಂಡು, ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಬಂದು ನನ್ನ ಮುಂದೆ ಚಕ್ಕಂಬಕ್ಕಳ ಹಾಕಿ ಕೂತಳು.

“ಕೈ ಕೊಡು.”

“ನೀ ಮುಟ್ಟಬ್ಯಾಡ.”

“ನಿನ್ನ ಮುಟ್ಟಾಕ ನನಗೂ ಆಸಿ ಇಲ್ಲ. ಶ್ರಾವಣಕ್ಕ ಅಂಗಡ್ಯಾಗ ಒಬ್ಬಾಕಿ ಕಡಿಮಿ ಬೀಳ್ತಾಳ. ಕೂತು ತಿಂಬೋದು ಬಿಟ್ಟು ಕೈ ಕೊಡು.”

ನಾನು ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಕೈ ಮುಂದಿಟ್ಟೆ, ಮುಖ ಗೋಡೆಗೆ ತಿರುಗಿಸಿದೆ. ಅವಳು ಎಣ್ಣೆ ತಿಕ್ಕಿದಳು. ಕಿರುಬೆರಳನ್ನು ಹಿಡಿದು ಹಿಂದಕ್ಕೆ ಎಳೆದಳು. ಕಣ್ಣು ಕತ್ತಲೆ ಬಂತು, ಕಿರುಚಿದೆ. ಅವ್ವ ಓಡಿ ಬಂದಳು, ಗಂಡ ಎದ್ದು ನಿಂತ. ಹಾಲಮ್ಮ ಯಾರನ್ನೂ ನೋಡಲಿಲ್ಲ. “ಒಂದು, ಎರಡು, ಮೂರು...” ಇಪ್ಪತ್ತಕ್ಕೆ ಒಂದು ಎಣಿಕೆ ಕಡಿಮೆ ಮಾಡಲಿಲ್ಲ. ಬೆರಳು ಬಿಟ್ಟು ಮುಂದಿನದನ್ನು ಹಿಡಿದಳು.

“ನಿನ್ನ ಕೈ ಸೇದಿ ಹೋಗ್ಲಿ!” ಎಂದೆ.

“ಹೋಗ್ಲಿ. ಏಳು, ಎಂಟು. ಕೈ ಹಿಂದಕ್ಕ ಜಗ್ಗಬ್ಯಾಡ, ಒಂಬತ್ತು.”

ಆ ಬೇಸಿಗೆಯ ನೆನಪೆಂದರೆ ಇದೇ. ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಅವಳು ಬಟ್ಟಲು ಹಿಡಿದು ಬರುತ್ತಿದ್ದಳು. ಹಡಗಲಿಯ ಬಿಸಿಲಿಗೆ ಗೋಡೆ ಮುಟ್ಟಿದರೂ ಕೈ ಚುರ್ ಎನ್ನುತ್ತಿತ್ತು. ಗಟ್ಟಿ ಪಟ್ಟಿಯೊಳಗೆ ಬೆವರಿ ಹೊಸ ಚರ್ಮ ತುರಿಸುತ್ತಿತ್ತು, ತುರಿಸಿಕೊಳ್ಳುವಂತಿಲ್ಲ. ಫ್ಯಾನಿನ ಕೆಳಗೆ ಕೂತು ನಾವಿಬ್ಬರೂ ಬೈದಾಡುತ್ತಿದ್ದೆವು. ನನಗೆ ಗೊತ್ತಿದ್ದ ಬೈಗುಳಗಳೆಲ್ಲ ಒಂದು ತಿಂಗಳಲ್ಲಿ ಖರ್ಚಾಗಿ ಹೋದವು. ಅವಳ ತವರನ್ನು ಬೈದೆ, ಅವಳ ಅಡುಗೆಯನ್ನು ಬೈದೆ, ಅವಳ ಗಂಡನ ಗೊರಕೆಯನ್ನೂ ಬಿಡಲಿಲ್ಲ. ಅವಳು ಎಣಿಕೆ ತಪ್ಪದಂತೆ ನಡುನಡುವೆ ತಿರುಗಿಸಿ ಕೊಡುತ್ತಿದ್ದಳು. “ಹನ್ನೊಂದು. ನಿಮ್ಮವ್ವ ನಿನಗ ಕಲಿಸಿದ್ದು ಇಷ್ಟ ಏನು? ಹನ್ನೆರಡು.” ಅವ್ವ ಇದನ್ನು ಕೇಳಲಾರದೆ ಚಿಗಟೇರಿಗೆ ಹೊರಟುಹೋದಳು. ಓಣಿಯ ಹೆಂಗಸರು ಮನೆ ಒಡೆಯುವುದು ಯಾವತ್ತು ಎಂದು ಕಾಯುತ್ತ ಕಿವಿ ನಿಮಿರಿಸಿಕೊಂಡಿರುತ್ತಿದ್ದರು.

ಆದರೆ ಒಂದು ದಿನವೂ ಚರ್ಮ ಹರಿಯಲಿಲ್ಲ. ಎಷ್ಟು ಎಳೆದರೆ ಬೆಳ್ಳಗಾಗುತ್ತದೆ, ಎಲ್ಲಿ ನಿಲ್ಲಬೇಕು ಎಂಬುದು ಅವಳ ಬೆರಳಿಗೆ ಗೊತ್ತಿತ್ತು. ಸಾವಿರ ಹೆಂಗಸರ ಕೈಯನ್ನು ಸಣ್ಣದು ಮಾಡಿದ ವಿದ್ಯೆಯನ್ನು ಅವಳು ತಿರುವುಮುರುವು ಮಾಡಿ ನನ್ನೊಂದು ಕೈಯನ್ನು ದೊಡ್ಡದು ಮಾಡುತ್ತಿದ್ದಳು. ಇದು ನನಗೆ ಆಗಲೇ ಕಂಡಿತ್ತು. ಕಂಡದ್ದರಿಂದ ಸಿಟ್ಟು ಇನ್ನೂ ಏರಿತು. ಇಷ್ಟೆಲ್ಲ ಗೊತ್ತಿರುವವಳಿಗೆ ಮಡಿಚಿ ಕಟ್ಟಿದರೆ ಏನಾಗುತ್ತದೆ ಎಂಬುದೊಂದು ಗೊತ್ತಿರಲಿಲ್ಲವೇ?

ಕಾರಹುಣ್ಣಿಮೆ ಹತ್ತಿರ ಬಂದಾಗ ಒಂದು ಮಧ್ಯಾಹ್ನ ನಡುಬೆರಳು ಪೂರ್ತಿ ನೆಟ್ಟಗಾಯಿತು. ಕೈಯನ್ನು ನೆಲದ ಮೇಲೆ ಬೋರಲು ಇಟ್ಟೆ. ನಾಲ್ಕು ಬೆರಳೂ ನೆಲಕ್ಕೆ ಕೂತವು. ಸುಮಾರು ಹತ್ತು ತಿಂಗಳ ಮೇಲೆ ನನ್ನ ಅಂಗೈ ಬಿಚ್ಚಿತ್ತು. ನನಗೆ ಏನಾಯಿತೋ ತಿಳಿಯದು. ಆ ಕೈಯನ್ನೇ ಎತ್ತಿ ಹಾಲಮ್ಮನ ಕೆನ್ನೆಗೆ ಬಾರಿಸಿದೆ.

ಎಣ್ಣೆಯ ಕೈ, ಸದ್ದು ಜೋರಾಗಿಯೇ ಬಂತು. ಅವಳ ಕಿವಿಯೋಲೆ ಅಲುಗಿತು. ನನಗಿಂತ ಹತ್ತು ವರ್ಷ ದೊಡ್ಡವಳು. ತಿರುಗಿಸಿ ಹೊಡೆಯುತ್ತಾಳೆಂದು ನಾನು ಕಣ್ಣು ಮುಚ್ಚಿದೆ. ಅವಳು ಸೆರಗಿನಿಂದ ಕೆನ್ನೆಯ ಎಣ್ಣೆ ಒರೆಸಿಕೊಂಡಳು.

“ನಾಕು ಬೆರಳು ತಾಗಿದ್ವು. ಹೆಬ್ಬೆರಳು ಇನ್ನೂ ಒಳಗ ಐತಿ. ಕೊಡು ಇಲ್ಲಿ” ಎಂದಳು.

ಅಂದು ಹೆಬ್ಬೆರಳನ್ನು ಇಪ್ಪತ್ತಲ್ಲ, ನಲವತ್ತು ಎಣಿಸುವವರೆಗೆ ಹಿಡಿದಳು. ಅದೊಂದು ಅವಳು ತೀರಿಸಿಕೊಂಡ ಸೇಡು.

ಆಷಾಢದಲ್ಲಿ ಹೆಬ್ಬೆರಳೂ ಆಚೆ ಬಂತು. ಮೊದಲು ಚಮಚ ಹಿಡಿದೆ, ಆಮೇಲೆ ರೊಟ್ಟಿ ಮುರಿದೆ. ಸಾಬೂನು ಜಾರಿದರೆ ಹಿಡಿಯಲಾಗುತ್ತಿರಲಿಲ್ಲ, ಬಿಸಿ ಲೋಟ ಮುಟ್ಟಿದರೆ ಬಿಸಿ ತಡವಾಗಿ ತಿಳಿಯುತ್ತಿತ್ತು. ಆದರೂ ಕೈ ಕೈಯಾಗಿತ್ತು. ತೋರಿಸಲು ಹೋದಾಗ ಡಾಕ್ಟರು ಮನೆಯಲ್ಲಿ ಯಾರು ಮಾಡಿಸಿದ್ದು ಎಂದು ಕೇಳಿದರು. ನಮ್ಮ ಅತ್ತಿಗೆ ಎಂದ ನನ್ನ ಗಂಡ. ತುಂಬ ಪ್ರೀತಿ ಇರಬೇಕು ಎಂದರು ಅವರು. ನಾನು ಗಂಡನ ಮುಖ ನೋಡಲಿಲ್ಲ.

ಮತ್ತೆ ಪಂಚಮಿ ಬಂತು. ಆ ವರ್ಷ ಉಂಡಿ ಹೊರಗಿನಿಂದ ತಂದರು, ನಮ್ಮ ಮನೆಯಲ್ಲಿ ಯಾರೂ ಪಾಕದ ಮಾತು ಎತ್ತಲಿಲ್ಲ. ಅಂಗಡಿಯಲ್ಲಿ ಜನ ಕಿಕ್ಕಿರಿದಿದ್ದರು. ಉಜ್ಜಿನಿಗೆ ಕೊಟ್ಟ ಹುಡುಗಿಯೊಬ್ಬಳು ತವರಿಗೆ ಬಂದಿದ್ದಳು. ಹಾಲಮ್ಮನ ಮುಂದೆ ಗರ್ದಿ ನೋಡಿ ಅವಳು ನನ್ನ ಮುಂದೆ ಬಂದು ಕೂತಳು. ನಾನು ಅವಳ ಕೈ ಹಿಡಿದೆ. ಸಾಬೂನು ಹಚ್ಚಿದೆ, ಹೆಬ್ಬೆರಳಿನ ಬುಡ ತಿಕ್ಕಿದೆ, ಮಡಿಚಿದೆ. ಎಂದಿಗಿಂತ ಮೂರುಪಟ್ಟು ಹೊತ್ತು ಹಿಡಿಯಿತು, ಆದರೆ ಒಂದು ಡಜನ್ ಬಳೆ ಒಡೆಯದೆ ಹತ್ತಿದವು. ಹುಡುಗಿ ಕೈ ಅಲುಗಿಸಿ ಸದ್ದು ಕೇಳಿ, ಬಳೆ ಇಡಿಸಿದವರಿಗೆ ಮಾಡುವಂತೆ ನನಗೆ ನಮಸ್ಕಾರ ಮಾಡಿದಳು. ತಲೆ ಎತ್ತಿದರೆ ಹಾಲಮ್ಮ ನೋಡುತ್ತಿದ್ದಳು. ನಾನು ನೋಡಿದ ಕೂಡಲೇ ಕಣ್ಣು ತೆಗೆದಳು.

ಸಂಜೆ ಗಿರಾಕಿ ಕರಗಿದ ಮೇಲೆ, ಒಡಕು ಬಳೆಯ ಚೂರು ಗುಡಿಸುತ್ತಿದ್ದ ಅವಳನ್ನು ಕೇಳಿದೆ. ಕೈ ಬಂದಿತ್ತು, ಇನ್ನು ಕೇಳಿದರೆ ಕಳೆದುಕೊಳ್ಳುವುದೇನಿರಲಿಲ್ಲ.

“ಬೆರಳು ಬಿಡಿಸಿ ಕಟ್ಟು ಅಂತ ಡಾಕ್ಟ್ರು ಅಂದಿದ್ದು ನಿನಗ ಕೇಳಿಸಿತ್ತೋ ಇಲ್ಲೋ?”

“ಕೇಳಿಸಿತ್ತು.”

“ಮತ್ತ ಯಾಕ ಮಡಿಚಿದಿ?”

ಅವಳು ಪೊರಕೆ ಗೋಡೆಗೆ ಒರಗಿಸಿದಳು.

“ಎರಡು ದಿನ ಅವರು ಹೇಳ್ದಂಗ ಬಿಡಿಸೇ ಕಟ್ಟಿದ್ದೆ. ನೀ ಹಗಲೂ ರಾತ್ರಿ ಅಕ್ಕಾ, ಅಕ್ಕಾ ಅಂತ ಒದರಿದಿ. ನಿನ್ನ ಗಂಡನ್ನ ಕರೀಲಿಲ್ಲ, ನಿಮ್ಮವ್ವನ್ನ ಕರೀಲಿಲ್ಲ, ನನ್ನ ಕರದಿ. ನನಗ ತಡಕೊಳ್ಳಾಕ ಆಗ್ಲಿಲ್ಲ. ಮೂರನೇ ದಿನ ಮಡಿಚಿ ನೋಡಿದೆ, ಸುಮ್ಮನಾದಿ. ಹಂಗ ಇರ್ಲಿ ಅಂತ ಬಿಟ್ಟೆ.”

“ಅವತ್ತ ಹೇಳಬೇಕಿತ್ತು. ಬೇಕಂತ ಮಾಡಿದಿ ಅಂದಾಗ.”

“ಏನಂತ ಹೇಳ್ಲಿ? ಮಾಡಿದಾಕಿ ನಾನ ಅಲ್ಲೇನು?”

ನನ್ನ ಸಿಟ್ಟು ಇಳಿಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಇನ್ನೂ ಹೆಚ್ಚಾಯಿತು. ಹೊಟ್ಟೆಕಿಚ್ಚಿಗೆ ಮಾಡಿದ್ದರೆ ಜನ್ಮವಿಡೀ ಬೈದುಕೊಂಡಿರಬಹುದಿತ್ತು. ಕನಿಕರಕ್ಕೆ ಮಾಡಿದ್ದನ್ನು ಏನು ಮಾಡುವುದು? ಅವಳು ಆಗಲೂ ಈಗಿನಷ್ಟೇ ಕಲ್ಲಾಗಿದ್ದಿದ್ದರೆ ನನ್ನ ತೊಡೆಯ ಚರ್ಮ ತೊಡೆಯಲ್ಲೇ ಇರುತ್ತಿತ್ತು. ಇದನ್ನು ಅವಳ ಮುಖಕ್ಕೆ ಹೇಳಿಯೂ ಹೇಳಿದೆ. ಹೂಂ ಎಂದಳು, ಅಷ್ಟೇ. ಒಳಗೆ ಹೋಗಿ ಎಣ್ಣೆಯ ಬಟ್ಟಲು ತಂದಳು. ಆರು ತಿಂಗಳು ತುಂಬಲು ಇನ್ನೂ ಕೆಲವು ದಿನ ಬಾಕಿ ಇತ್ತು, ಅಂದಿನ ಸಂಜೆಯ ಪಾಳಿಯೂ ಉಳಿದಿತ್ತು.

ಕೈ ಕೊಟ್ಟೆ. ಅವಳು ಹೆಬ್ಬೆರಳು ಹಿಡಿದು ಎಳೆದಳು, ಒಂದು ಎಂದಳು. ದಿನವಿಡೀ ಬಳೆ ಇಡಿಸಿ ದಣಿದ ಕೈ, ಪ್ರಾಣ ಹೋಗುವಷ್ಟು ನೋಯಿತು. ಬಾಯಿಗೆ ಬಂದದ್ದನ್ನೆಲ್ಲ ಒದರಿದೆ. ಅಕ್ಕಾ ಎಂದು ಮಾತ್ರ ಒದರಲಿಲ್ಲ. ಒದರಿದ್ದರೆ ಅವಳು ಬಿಟ್ಟುಬಿಡುತ್ತಿದ್ದಳು.